ಮೂವತ್ತು ಡಿಗ್ರಿ

ಫಿಲೋಮಿನಾ ಮೇಡಂ ಬೋರ್ಡಿನ ನಡುವೆ
ಸೀಮೆಸುಣ್ಣ ಒತ್ತಿ ಒಂದು ಚುಕ್ಕೆ ಇಟ್ಟರು.
ಇದು ಕಣ, ಅಂದರು.
ಇದಕ್ಕೆ ಉದ್ದವಿಲ್ಲ, ಅಗಲವಿಲ್ಲ,
ತಿರುಗಲು ಮೈಯಿಲ್ಲ.
ಭಾರ ಮಾತ್ರ ಇದೆ.

ರಾತ್ರಿ ಏಳೂಕಾಲು. ಪೀಣ್ಯ ಎರಡನೇ ಹಂತ.
ಸಂಜೆ ಪಾಲಿಟೆಕ್ನಿಕ್ಕಿನ ಕೊನೇ ಬೆಂಚು,
ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.
ಪಕ್ಕದಲ್ಲಿ ಲೇತಿನ ಮುನಿಕೃಷ್ಣ,
ಕಣ್ಣು ತೆರೆದುಕೊಂಡೇ ನಿದ್ದೆ.
ಚುಕ್ಕೆಯನ್ನು ನೋಡಿದೆ. ಪರಿಚಯದವನ ಹಾಗಿತ್ತು.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ
ಒಂಟಿಕಾಲಲ್ಲಿ ಬಸ್ಸಿನೊಳಗೆ ನಿಂತವನನ್ನು
ಎಡದ ಟಿಫಿನ್ ಡಬ್ಬಿ, ಬಲದ ಮೊಣಕೈ,
ಬೆನ್ನಿಗೊಂದು ಚೀಲ, ಎದೆಗೆ ಕಂಡಕ್ಟರು
ಎಲ್ಲ ಸೇರಿ ಬೀಳಗೊಡದೆ ತಂದಿದ್ದರಲ್ಲ,
ಅವನೇ.

ಈಗ ಬಾಣಗಳನ್ನು ಒಡೆಯಿರಿ, ಅಂದರು ಮೇಡಂ.
ಓರೆಯಾಗಿ ಎಳೆಯುವುದನ್ನು ಓರೆಯಾಗಿಯೇ ಅಳೆಯಬೇಡಿ.
ಅಡ್ಡಕ್ಕೆಷ್ಟು, ಮೇಲಕ್ಕೆಷ್ಟು, ಬೇರೆ ಮಾಡಿ.
ಕೋನವನ್ನು ತಬ್ಬಿಕೊಂಡ ಬದಿಗೆ ಕಾಸ್,
ದೂರ ನಿಂತು ನೋಡುವ ಬದಿಗೆ ಸೈನ್.

ಎರಡು ಟನ್ನಿನ ಯಂತ್ರ. ಎರಡು ಹಗ್ಗ.
ಅಡ್ಡಗೆರೆಯಿಂದ ಒಂದೊಂದೂ ಮೂವತ್ತು ಡಿಗ್ರಿ.
ಅಡ್ಡದ ಎಳೆತಗಳು ಎದುರುಬದುರು ಜಗ್ಗಾಡಿ
ಮೂರು ಕಾಸಿನ ಕೆಲಸ ಮಾಡದೆ ಸೊನ್ನೆಯಾದವು.
ಮೇಲಿನ ಪಾಲು ಮಾತ್ರ ಯಂತ್ರವನ್ನು ಹೊತ್ತಿತು.
ಉತ್ತರ: ಹಗ್ಗವೊಂದಕ್ಕೆ ಎರಡು ಟನ್.
ಅಳಿಸಿ ಮತ್ತೆ ಮಾಡಿದೆ. ಎರಡೇ.
ಇಬ್ಬರು ಹೊತ್ತರೂ ಅರ್ಧವಾಗಲಿಲ್ಲ ಭಾರ,
ಒಬ್ಬೊಬ್ಬನಿಗೂ ಪೂರ್ತಿ.

ಆಗ ನೆನಪಾದ ಬಾಬಾಜಾನ್ ಮೇಸ್ತ್ರಿ.
ಓದಿದ್ದು ನಾಲ್ಕನೇ ಕ್ಲಾಸು. ಮೂವತ್ತೊಂದು ವರ್ಷದಿಂದ
ಲೇತು, ಪ್ರೆಸ್ಸು, ಬಾಯ್ಲರು ಎತ್ತಿ ಇಳಿಸಿದವನು.
ಬೆಳಿಗ್ಗೆ ಶೆಡ್ಡಿನಲ್ಲಿ ಗಿಡ್ಡ ಹಗ್ಗ ಬಿಗಿದಿದ್ದೆ,
ಯಂತ್ರದ ಬೆನ್ನಿಗೆ ಅಂಟಿಕೊಂಡಂತೆ.
ಚೈನಿಗೆ ಕೈ ಹಾಕಿದ್ದೇ ತಡ
ಉಕ್ಕಿನ ಎಳೆಗಳು ಸೊಳ್ಳೆಯ ಹಾಗೆ ಗುಂಯ್ ಅಂದವು.
"ಏ ಡಿಪ್ಲೊಮಾ, ಇಳಿಸು!
ಹಗ್ಗ ಹಾಡೋಕೆ ಶುರು ಮಾಡಿದ್ರೆ
ನಾವು ಅಳೋದೊಂದೇ ಬಾಕಿ.
ಉದ್ದದ್ದು ಹಾಕು, ಕೊಕ್ಕೆ ಮೇಲೆ ಹೋಗ್ಲಿ."
ಹೆಬ್ಬೆರಳು ತೋರುಬೆರಳು ಅಗಲಿಸಿ
ಗಾಳಿಯಲ್ಲಿ ಹಿಡಿದು ತೋರಿಸಿದ್ದ: ಇಷ್ಟು.
ಬೆಂಚಿನ ಕೆಳಗೆ ನನ್ನ ಬೆರಳನ್ನು ಹಾಗೇ ಹಿಡಿದು
ಕೋನಮಾಪಕ ಇಟ್ಟು ನೋಡಿದೆ.
ಅರವತ್ತು. ಕೂದಲೆಳೆ ಕಮ್ಮಿ.

ಸಮತೋಲ ಅಂದರೆ ವಿಶ್ರಾಂತಿ, ಎಂದು
ಮುನಿಕೃಷ್ಣ ಕಿರುಪರೀಕ್ಷೆಯಲ್ಲಿ ಬರೆದಿದ್ದ.
ಅರ್ಧ ಅಂಕ. ಪಕ್ಕದಲ್ಲಿ ಕೆಂಪು ಶಾಯಿ:
ಹಗ್ಗವನ್ನು ಕೇಳಿ ನೋಡು.

ಉತ್ತರ ಮೈನಸ್ ಬಂದರೆ ಗಾಬರಿ ಬೇಡ,
ಡಸ್ಟರು ಕೆಳಗಿಟ್ಟು ಮೇಡಂ ಹೇಳಿದರು.
ಲೆಕ್ಕ ಸರಿಯಾಗೇ ಇದೆ,
ನೀವು ಬಾಣ ಹಾಕಿದ ದಿಕ್ಕು ತಿರುಗಾಮುರುಗಾ.

ದಿನಾ ಐದೂವರೆಗೆ,
ಸೂಪರ್‌ವೈಸರ್ ಓವರ್‌ಟೈಮಿಗೆ ಹೆಸರು ಬರೆಯುವ ಮೊದಲೇ,
ಇಡೀ ಶೆಡ್ಡಿಗೆ ಕೇಳುವಂತೆ ಮೇಸ್ತ್ರಿ ಬೈಯುತ್ತಿದ್ದ:
"ನಿನ್ನ ಕೈಲಿ ಆಗಲ್ಲ, ನಡಿ ಆಚೆ!"
ಕ್ಲಾಸು ಆರೂವರೆಗೆ.
ಎಂಟು ತಿಂಗಳು ಆ ಬೈಗುಳದ ಬಾಣವನ್ನು
ನನ್ನ ಎದೆಯ ಕಡೆಗೇ ಗೀಚಿಟ್ಟಿದ್ದೆ.

ಮಾರನೇ ದಿನ ಟೀ ಹೊತ್ತಿಗೆ
ಸುತಲಿ ದಾರದ ನಡುವೆ ಟೀ ಕ್ಯಾನು ತೂಗುಹಾಕಿ
ಒಂದು ತುದಿ ಅವನ ಕೈಗೆ ಕೊಟ್ಟೆ.
ಎಳೀರಿ ಮೇಸ್ತ್ರಿ, ದಾರ ನೆಟ್ಟಗಾಗೋವರೆಗೂ.
ಎಳೆದ. ನಾನೂ ಎಳೆದೆ. ಬೆರಳು ಬಿಳಿಚಿಕೊಂಡವು.
ಹುಡುಗರು ಸುತ್ತ ಸೇರಿ ಹೋ ಅಂದರು.
ಕ್ಯಾನಿನ ಹತ್ತಿರ ಒಂದು ಬೆರಳಷ್ಟು ಬಾಗು
ಏನು ಮಾಡಿದರೂ ಹೋಗಲಿಲ್ಲ.
ಕೋನ ಸೊನ್ನೆಗೆ ಬಂದರೆ ಎಳೆತ ಲೆಕ್ಕಕ್ಕೇ ಸಿಗಲ್ಲ,
ಯಾಕಂದ್ರೆ ಸೈನ್... ಎಂದು ಶುರುಮಾಡಿದೆ.
"ಗೊತ್ತು ಬಿಡೋ," ಅಂದ ಬಾಬಾಜಾನ್,
"ಸಡಿಲ ಬಿಡು. ಟೀ ಆರ್ತಾ ಇದೆ."