ಇಳಿತದ ದಿನ

ರಾತ್ರಿ ಪಾಳಿಯಲ್ಲಿ ನನ್ನದು ಒಂದೇ ಕೆಲಸ:
ಬೆಲ್ಟಿನ ಮೇಲೆ ಹರಿದು ಬರುವ ಅನ್ನದ ಡಬ್ಬಿಗೆ
ನಟ್ಟನಡುವೆ ಒಂದು ಉಮೆಬೋಶಿ,
ಉಪ್ಪಲ್ಲಿ ಊರಿ ಮುದುರಿದ ಕೆಂಪು ಕಾಯಿ.
ಗಂಟೆಗೆ ಒಂಬೈನೂರು.
ನೋಡಿದವರು ಬಾವುಟದ ಹಾಗಿದೆ ಅನ್ನುತ್ತಾರೆ.
ನನಗದು ಬಲಗೈ ಹೆಬ್ಬೆರಳಿನ ನೋವು.

ಎದುರು ಸಾಲಲ್ಲಿ ಫುಸಾಯೆ, ಕರಿದ ಮೀನಿನವಳು.
ಟೊಪ್ಪಿ, ಮುಖಗವಸು, ನಡುವೆ ಎರಡೇ ಕಣ್ಣು.
ಆರು ವರ್ಷವಾದರೂ ಅವಳ ಮೂಗು ಹೇಗಿದೆಯೆಂದು
ಕೇಳಿದ್ದರೆ ತಡವರಿಸುತ್ತಿದ್ದೆ.
ಏಪ್ರಿಲಿನ ಒಂದು ಬೆಳಗ್ಗೆ, ಕೈ ತೊಳೆಯುವಾಗ, ಅಂದಳು:
"ಚಿಜುರು, ಶನಿವಾರ ಹನ್ನೊಂದೂವರೆಗೆ
ಸಮುದ್ರ ಹಿಂದೆ ಸರಿಯುತ್ತದಂತೆ.
ಅದೇ ರಜೆ ಹಾಕಿರುವಾಗ
ನಮಗೇನು ಧಾಡಿ?"

ಮಿಕಾವಾ ಕೊಲ್ಲಿಗೆ ಎರಡು ಡಬ್ಬಿಯ ರೈಲು.
ಎಲ್ಲರ ತೊಡೆಯ ಮೇಲೂ ಒಂದೊಂದು ಬಕೆಟ್ಟು,
ಮಕ್ಕಳ ಕಾಲಲ್ಲಿ ಮಳೆಗಾಲದ ಬೂಟು, ಹೊರಗೆ ಸುಡುಬಿಸಿಲು.
ಕಾರ್ಖಾನೆಯ ಡಬ್ಬಿ ತರಬಾರದೆಂದು ಮೊದಲೇ ಆಣೆಯಾಗಿತ್ತು.
ಫುಸಾಯೆ ಕಟ್ಟಿ ತಂದ ಅನ್ನದುಂಡೆ
ತ್ರಿಕೋನವೂ ಅಲ್ಲ, ಉಂಡೆಯೂ ಅಲ್ಲ,
ಉಪ್ಪು ಒಂದು ಚಿಟಿಕೆ ಜಾಸ್ತಿ.
ಕಚ್ಚಿದೆ, ಅನ್ನ. ಮತ್ತೆ ಕಚ್ಚಿದೆ, ಬರೀ ಅನ್ನ.
ಮುಗಿಯುತ್ತ ಬಂದಾಗ ಒಂದು ಮೂಲೆಯಲ್ಲಿ
ಸಿಕ್ಕಿಬಿದ್ದಿತು ಉಮೆಬೋಶಿ, ತಪ್ಪಿಸಿಕೊಂಡ ಕಳ್ಳನಂತೆ.
ಇಷ್ಟು ನಕ್ಕೆವು, ಎದುರಿನ ಅಜ್ಜ
ತಾನೂ ನಕ್ಕು, ಯಾಕೆಂದು ಕೇಳದೆ
ಕಿಟಕಿಯ ಕಡೆ ತಿರುಗಿದ.

ದಡದಲ್ಲಿ ಚೀಟಿ ಕೊಟ್ಟು ಬಲೆಚೀಲ ಕೊಟ್ಟರು.
ಅದು ತುಂಬುವಷ್ಟು ಮಾತ್ರ ನಮ್ಮದು.
ಒಬ್ಬಾಕೆ ಆಗಲೇ ಚೀಲವನ್ನು ಮೊಣಕಾಲಿಗೆ ಸಿಕ್ಕಿಸಿ
ಎಳೆದೆಳೆದು ದೊಡ್ಡದು ಮಾಡುತ್ತಿದ್ದಳು.
ನೀರು ಅಷ್ಟು ದೂರ ಹೋಗಿತ್ತು,
ಕೊಲ್ಲಿಯ ತಳವೇ ಹೊರಬಿದ್ದು
ಕುಕ್ಕರಗಾಲಲ್ಲಿ ಕೂತ ಊರಾಗಿತ್ತು.
ಪುಟ್ಟ ಕುಂಟೆ ಎಳೆದರೆ ಕೆಸರು, ಕೆಸರು, ಕೆಸರು,
ಆಮೇಲೆ ಕಟಕ್!
ಒಬ್ಬ ಹುಡುಗ ಅಪ್ಪ ತೆಗೆದ ಮರುವಾಯಿಯನ್ನೆಲ್ಲ
ಬೆನ್ನ ಹಿಂದೆ ಮತ್ತೆ ಹೂಳುತ್ತಿದ್ದ,
ಬಲು ಶ್ರದ್ಧೆಯಿಂದ.

ಬೆಲ್ಟಿನ ಮುಂದೆ ನನ್ನ ಕೈ ಏನನ್ನೂ ಹುಡುಕುವುದಿಲ್ಲ.
ಇಲ್ಲಿ ಮಣಿಕಟ್ಟಿನವರೆಗೂ ಮುಳುಗಿ
ಕುರುಡಾಗಿ, ಮೆಲ್ಲಗೆ, ತಡಕಾಡಿತು.
ಯಾರೂ ಎಣಿಸುತ್ತಿರಲಿಲ್ಲ.
ತಲೆಯೆತ್ತಿದಾಗ ಫುಸಾಯೆಯ ಮೂಗು ಕಂಡಿತು:
ಗಿಡ್ಡ, ಬಿಸಿಲಿಗೆ ಕೆಂಪಗೆ,
ತುದಿಯಲ್ಲಿ ಒಂದು ಕೆಸರಿನ ಹನಿ.
ಒರೆಸಿಕೋ ಎನ್ನಲಿಲ್ಲ ನಾನು.

ಧ್ವನಿವರ್ಧಕ ಕರೆಯಿತು. ನೀರು ಬರುತ್ತಿದೆ, ನೀರು ಬರುತ್ತಿದೆ.
ನಮ್ಮ ಗುಂಡಿಗಳು ಒಂದೊಂದಾಗಿ ತುಂಬಿದವು.

ರಾತ್ರಿ ಅಡುಗೆಮನೆಯ ಕತ್ತಲಲ್ಲಿ
ಬೋಗುಣಿಗೆ ಉಪ್ಪುನೀರು, ಮೇಲೊಂದು ಹಳೆಯ ಪತ್ರಿಕೆ.
ಉಪ್ಪು ತಿಂದವರು ನೀರು ಕುಡಿಯಬೇಕು,
ಉಪ್ಪುನೀರು ಕುಡಿದವು ಮರಳು ಕಕ್ಕಬೇಕು.
ಚಿಳ್. ಸ್ವಲ್ಪ ಹೊತ್ತು ಬಿಟ್ಟು, ಚಿಳ್.
ಒಬ್ಬಳೇ ಇರುವ ಮನೆಯಲ್ಲಿ
ಯಾರೋ ನಾಲಗೆಯ ತುದಿಯಲ್ಲಿ
ಮಾತು ಜೋಡಿಸುತ್ತಿರುವ ಹಾಗೆ.
ಹನ್ನೊಂದಕ್ಕೆ ಫೋನು:
"ನಿನ್ನವೂ ಉಗುಳುತ್ತಿವೆಯಾ?"
ಫೋನನ್ನು ಬೋಗುಣಿಯ ಹತ್ತಿರ ಹಿಡಿದೆ.
ಅವಳೂ ಹಿಡಿದಳಂತೆ.
ಎರಡು ನಿಮಿಷ ನಾವಿಬ್ಬರೂ ಸುಮ್ಮನಿದ್ದೆವು,
ಅವು ಮಾತಾಡಿಕೊಂಡವು.

ಬೆಳಗ್ಗೆ ಮಿಸೋ ಸಾರು.
ಕುದಿಗೆ ಒಂದೊಂದೇ ಬಾಯಿ ಬಿಟ್ಟವು;
ಒಂದು ಮಾತ್ರ ಬಿಡಲೇ ಇಲ್ಲ.
ಅದನ್ನು ಬಲವಂತ ಮಾಡಲಿಲ್ಲ.
ಬಟ್ಟಲೆತ್ತಿ ಹೀರಿದಾಗ
ಹಲ್ಲಿಗೆ ಸಿಕ್ಕಿತು ಒಂದು ಹರಳು ಮರಳು, ಕರಕ್ ಎಂದು.
ರಾತ್ರಿಯಿಡೀ ಅವು ಉಗುಳಿದವು.
ನಾನು ಉಗುಳಲಿಲ್ಲ.

ಸಂಜೆ ಪಾಳಿಗೆ ಹೊರಡುವಾಗ ಫುಸಾಯೆಯ ಸಂದೇಶ:
"ಇನ್ನೊಂದು ದೊಡ್ಡ ಇಳಿತ ಮೇ ಮೂರಕ್ಕೆ.
ಈಗಲೇ ರಜೆ ಬರೆದಿಡು.
ಈ ಸಲ ಅನ್ನದುಂಡೆ ನಿನ್ನ ಪಾಲು.
ನಡುವೆ ಇಟ್ಟರೆ ಜೋಕೆ!"