ಅರವತ್ತಮೂರನೇ ನಿಮಿಷ

ಖಾಸೀಮನ ಚಹಾದಂಗಡಿ ಮುಂದ ಒಂದು ಫರಸಿ,
ನಾಕು ಇಟ್ಟಿಗಿ ಮ್ಯಾಲೆ. ಅದೇ ನಮ್ಮ ಸಂಘದ ಆಫೀಸು.
ಒಂಬತ್ತು ಮಂದಿ, ಏಳು ಕಪ್ಪು ಚಹಾ,
ಬಗೀಹರಿಯದ ಮಾತು ಒಂದೇ:
ದೇವಪುತ್ರ ಮಾಸ್ತರನ್ನ ಮತ್ತ ಕರೀಬೇಕೋ, ಬ್ಯಾಡೋ.

ಭೀಮಶಾ ಅಂದ, ಎಡವಿದ ಕಾಲೇ ಎಡವೂದು.
ವಾಡಿಯವರ ಕೈಯಾಗ ಆರು ಗೋಲು ತಿಂದದ್ದು
ನಮ್ಮೂರ ಹುಡುಗರಿಗೆ ಅಡ್ಡಹೆಸರಾಗಿ ಅಂಟ್ಯಾದ,
ಸಂತ್ಯಾಗ ಬದನಿಕಾಯಿ ತೂಗುವಾಕಿ ಸುದ್ದಾ
"ಆರೋ, ಏಳೋ?" ಅಂತ ಕೇಳಿ ನಗ್ತಾಳ.

ಲಾಡ್ಲೇಸಾಬ ಬೀಡಿ ಆರಿಸಿದ.
ಖಣಿಯಾಗ ನಲವತ್ತು ವರ್ಷ ಕಲ್ಲು ಎಬ್ಬಿಸೀನಿ.
ಫರಸಿ ಎಲ್ಲಿ ಸೀಳ್ತು ಅನ್ನೂದು
ಒಡೆದಾಂವಗೇ ಗೊತ್ತು, ಕೊಂಡಾಂವಗಲ್ಲ.
ಗೆದ್ದಾಂವನ್ನ ತರೂಣು ಅಂತೀರಿ, ಖರೇ,
ಗೆದ್ದಾಂವ ಶಹಾಬಾದಕ್ಕ ಯಾಕ ಬರ್ತಾನ?

ಅದಕ್ಕ ಯಾರೂ ಉತ್ತರ ಕೊಡಲಿಲ್ಲ.
ಗೂಡ್ಸು ಗಾಡಿಯೊಂದು ಹೋತು ಸಿಮೆಂಟು ಹೊತಗೊಂಡು,
ಐವತ್ತೆಂಟು ಡಬ್ಬಿ. ಎಣಿಸೂದು ಸುಲಭ ಇತ್ತು.

ಹೋಗಿ ನೋಡಿ ಬಾ ಅಂತ ನನ್ನ ಕಳಿಸಿದರು.
ಮಾಸ್ತರ ಈಗ ಪಾಲಿಶ್ ಕಾರ್ಖಾನ್ಯಾಗ ಅಳತಿ ಬರೀತಾನ,
ಎರಡು ಫೂಟು ಬೈ ಎರಡು ಫೂಟು, ಇಷ್ಟು ಚದರ.
ಮೀಸಿ, ಹುಬ್ಬು, ಕಾಲರಿನ ಮಡಿಕಿ, ಎಲ್ಲಾದರ ಮ್ಯಾಲೂ
ಬೂದಿಬಣ್ಣದ ಕಲ್ಲಿನ ಧೂಳು.
ನಳದ ಕೆಳಗ ಮುಖ ತೊಳದ, ವಯಸ್ಸು ಹೊರಗ ಬಂತು.

ಬುತ್ತಿ ಡಬ್ಬಿ ಕೆಳಗಿಂದ ನೋಟುಬುಕ್ಕು ತೆಗೆದ.
ಹನ್ನೊಂದು ವರ್ಷದ ಹಿಂದಿನ ಆ ಮ್ಯಾಚು, ನಿಮಿಷಕ್ಕೊಂದು ಸಾಲು.
ಬಾಯಿಲೆ ಏನೂ ಹೇಳಲಿಲ್ಲ, ಬೆರಳಿಟ್ಟು ತೋರಿಸಿದ:

ಅರವತ್ತಮೂರು. ನಾನು ನೋಡಲಿಲ್ಲ. ಗಡಿಯಾರ ನೋಡುತ್ತಿದ್ದೆ.

ಸೋತವರು ಬರಿಯೂದು ಬ್ಯಾರೆ. ಗಾಳಿ, ರೆಫ್ರಿ, ರೋಜಾದ ಉಪವಾಸ,
ಎಡಗಡಿ ಮೂಲ್ಯಾಗಿನ ಗುಂಡಿ.
ಇಂಥಾ ಸಾಲು ಬರದಾಂವನ್ನ ನಾ ಕಂಡಿರಲಿಲ್ಲ.
ಅಷ್ಟಕ್ಕೇ ಎದ್ದು ಬಂದಿದ್ದರ ಛಲೋ ಇತ್ತು.
ನಾ ಅದರ ಕೆಳಗಿಂದೂ ಓದಿದೆ.

ಅರವತ್ತನಾಲ್ಕು. ಗೋಲಿ ಹೆದರಿದ್ದಾನೆ. ಇಳಿಸಬೇಕಿತ್ತು.
ಅವನ ಅಪ್ಪ ಎದುರಿಗೇ ಕೂತಿದ್ದ.

ಆ ಗೋಲಿ ನಾನು.
ಕಾಲಸಂದಿಲೆ ಹೋದ ಬಾಲಿನ ಬಗ್ಗೆ
ಇಷ್ಟು ವರ್ಷ ನಾ ಹೇಳ್ಕೋತ ಬಂದದ್ದು
ಬಿಸಿಲು ಕಣ್ಣಿಗೆ ಹೊಡೀತು ಅಂತ.
ಆವತ್ತು ಮೋಡ ಇತ್ತು.
ನೋಟುಬುಕ್ಕಿನ ಮೊದಲ ಸಾಲೇ ಅದು.

ಮತಕ್ಕ ಹುಣಸಿಬೀಜ ಅಂದ್ರ ಬರಲಿ,
ಕಲ್ಲಿನ ಚಕ್ಕಿ ಅಂದ್ರ ಬ್ಯಾಡ.
ಒಬ್ಬೊಬ್ಬರು ಗಡಗ್ಯಾಗ ಕೈ ಬಿಟ್ಟೆವು, ಖಾಸೀಮ ಸುರುವಿ ಎಣಿಸಿದ:
ಐದು ಬೀಜ, ನಾಕು ಚಕ್ಕಿ.
ನೀ ನೋಡಿ ಬಂದದ್ದಕ್ಕ ಆತು ನೋಡು, ಅಂತ
ಲಾಡ್ಲೇಸಾಬ ನನ್ನ ಬೆನ್ನು ತಟ್ಟಿದ.
ನನ್ನದು ಚಕ್ಕಿ.
ಸೋತಾಂವ ಅಂತಲ್ಲ. ಸೋಲು ನೆನಪಿಟ್ಟಾಂವ ಅಂತ.

ಸೋಮವಾರ ಮುಂಜಾನಿ ಐದೂವರಿಗೆ
ಸುಣ್ಣ ಸುರುವಿ ಪೆನಾಲ್ಟಿ ಪೆಟ್ಟಿಗಿ ಎಳೀಲಿಕತ್ತಿದ್ದೆ,
ಸೈಕಲ್ ಮ್ಯಾಲೆ ಬಂದ. ಮಣಿಕಟ್ಟಿನಾಗ ಗಡಿಯಾರ ಇಲ್ಲ,
ಇದ್ದ ಜಾಗದ ಬಿಳಿ ಪಟ್ಟಿ ಸುದ್ದಾ ಇಲ್ಲ,
ಯಾವಾಗೋ ಬಿಟ್ಟಿರಬೇಕು.
ಹುಡುಗರು ಹದಿನಾಕು ಮಂದಿ, ಬೂಟು ಒಂಬತ್ತು ಜೋಡಿ.
ಗೋಲಿನಾಗ ನಿಂತ ಸಣ್ಣಾಂವ ಅಂಗೈ ಚಡ್ಡಿಗೆ ಒರಸಿಕೊಂಡ,
ಮತ್ತ ಒರಸಿಕೊಂಡ.
ಮಾಸ್ತರ ಅವನ್ನ ನೋಡಿದ, ಆಮ್ಯಾಲೆ ನನ್ನ.
"ನಿನ್ನ ಗೆರಿ ಸೊಟ್ಟ ಅದ" ಅಂದ.

ಇತ್ತು. ಕಾಲಿಲೆ ಅಳಿಸಿ ಮತ್ತ ಎಳೆದೆ.