ಎರಡು ಬೆರಳ ನಡುವೆ

ಹಳೇ ಟವೆಲಿನ ಮೇಲೆ ಒಣಗಿ ಉಳಿದದ್ದು
ಒಂದು ಬಿಳಿ ಮಚ್ಚೆ, ನಾಲ್ಕಾಣೆಯಷ್ಟು ಅಗಲ.
ಋತುಜಾ ಕೂಗಿದಳು:
ಅಮ್ಮಾ, ಖುಬೋ ಸುಣ್ಣ ಹೊಯ್ದಿದೆ!

ಖುಬೋ ಅಂದರೆ ನಮ್ಮ ಗಿನಿಪಿಗ್.
ಮುದುಡಿ ಕೂತರೆ ಕಾಳಿ ಹೊಳೆಯ ಚಿಪ್ಪಿನ ಹಾಗೇ ಎಂದು
ಅಪ್ಪನೇ ಇಟ್ಟ ಹೆಸರು.
ಇಲಿಯಲ್ಲ, ಹಂದಿಯೂ ಅಲ್ಲ,
ಮಡಗಾಂವಿನಿಂದ ಶೂ ಡಬ್ಬಿಯಲ್ಲಿ ಕೂತು
ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ಬಂದದ್ದು.

ಅಪ್ಪ ಎದ್ದು ಬಂದ. ಕನ್ನಡಕ ಹುಡುಕಲಿಲ್ಲ.
ಮೊಣಕಾಲೂರಿ, ಮಚ್ಚೆಯ ಅಂಚನ್ನು ಉಗುರಲ್ಲಿ ಕೆರೆದು
ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ
ಕಣ್ಣು ಮುಚ್ಚಿದ.

ಮೂವತ್ತೆರಡು ವರ್ಷ ಕೋಡಿಬಾಗದಲ್ಲಿ
ಸುಣ್ಣ ಸುಟ್ಟ ಬೆರಳು ಅವು.
ದೋಣಿಯಲ್ಲಿ ಬಂದ ಚಿಪ್ಪಿನ ರಾಶಿ,
ಇದ್ದಿಲು, ಚಿಪ್ಪು, ಇದ್ದಿಲು, ಚಿಪ್ಪು,
ಬೆಳಗಾಗುವಾಗ ಗೂಡಿನ ಬಾಯಿಂದ ಎಳೆದ ಬಿಳಿ.
ನೀರು ಚಿಮುಕಿಸಿದರೆ ಉಸ್ಸೆಂದು ಅರಳಿ
ಹಿಟ್ಟಾಗುತ್ತಿತ್ತು.
ಗಿರಾಕಿಯ ಎದುರು ಅವನದೊಂದೇ ಮಾತು:
ಜಾರಿದರೆ ಸುಣ್ಣ, ಕಚ್ಚಿದರೆ ಕಲ್ಲು.

‘ಹೋದ ತಿಂಗಳು ಜಾರುತ್ತಿತ್ತು’ ಎಂದ.
‘ಇವತ್ತು ಕಚ್ಚುತ್ತದೆ.’

ದನದ ಆಸ್ಪತ್ರೆಯ ಬರೆಟ್ಟೊ ಮೇಡಂ
ಎಮ್ಮೆಯೊಂದನ್ನು ಮುಗಿಸಿ, ಕೈ ತೊಳೆದು,
ಖುಬೋನ ಕಿಬ್ಬೊಟ್ಟೆ ಒತ್ತಿ ನೋಡಿದರು.
ನಮ್ಮ ಕರುಳು ಬೇಡದ ಕ್ಯಾಲ್ಸಿಯಮ್ಮನ್ನು
ಹೊಸ್ತಿಲಲ್ಲೇ ತಡೆಯುತ್ತದೆ, ಅಂದರು,
ಈ ಪ್ರಾಣಿ ಬಾಗಿಲು ಹಾಕುವುದೇ ಇಲ್ಲ.
ತಿಂದದ್ದು ರಕ್ತಕ್ಕೆ, ಹೆಚ್ಚಾದದ್ದು ಉಚ್ಚೆಗೆ.
ಹಿಟ್ಟಿನ ಹಾಗೆ ಹೋದರೆ ಹೋಗಲಿ, ಅದರ ಜಾಯಮಾನ.
ಮರಳಾದರೆ ಮಾತ್ರ.
ಏನು ಹಾಕುತ್ತೀರಿ?

ನಾನು ತಲೆ ತಗ್ಗಿಸಿದೆ.
ನುಗ್ಗೆಸೊಪ್ಪು. ದಿನಾ. ಹಿತ್ತಿಲಲ್ಲೇ ಇದೆಯೆಂದು,
ಬಾಣಂತಿಗೆ ಒಳ್ಳೆಯದು, ಎಲುಬಿಗೆ ಒಳ್ಳೆಯದೆಂದು,
ಪ್ರೀತಿಯಿಂದ.
ಮೇಲೆ ಹರಿವೆ. ನೀರಿನ ಬಾಟಲಿಯ ನಳಿಕೆ
ಯಾವಾಗ ಕಟ್ಟಿತ್ತೋ, ನೋಡಿರಲಿಲ್ಲ.
ಅದರ ತುದಿಯಲ್ಲೂ ಅದೇ ಬಿಳಿ.

ಹುಲ್ಲು, ಅಂದರು ಮೇಡಂ. ಹುಲ್ಲು, ನೀರು, ಹುಲ್ಲು.
ದಿನಕ್ಕೊಂದು ಚೂರು ದೊಣ್ಣೆಮೆಣಸು.
ಕಲ್ಲು ಇನ್ನೂ ಕಟ್ಟಿದಂತಿಲ್ಲ, ಕಟ್ಟಿದರೆ ಕೊಯ್ಯಬೇಕು,
ಇಷ್ಟು ಸಣ್ಣ ಜೀವ, ಎಂದವರು
ಋತುಜಾಳ ಮುಖ ನೋಡಿ
ಎಮ್ಮೆಯ ಕಡೆ ತಿರುಗಿದರು.

ಆ ರಾತ್ರಿ ಖುಬೋ ಉಚ್ಚೆ ಹೊಯ್ಯುವಾಗ ಕಿರುಚಿತು.
ಸಣ್ಣ ಕೂಗು, ಒದ್ದೆ ಗಾಜಿನ ಮೇಲೆ ಬೆರಳೆಳೆದಂತೆ.
ಬೆನ್ನು ಗೂನಾಗಿತ್ತು, ಕೂದಲು ನಿಮಿರಿತ್ತು.
ಅದು ಸುಮ್ಮನಾದ ಮೇಲೆ
ಹಿತ್ತಿಲ ಕಡೆಯಿಂದ ಇನ್ನೊಂದು ಸದ್ದು.
ತೆಂಗಿನ ಬುಡದಲ್ಲಿ ಅಪ್ಪ,
ಒಂದು ಕೈ ಮರಕ್ಕೊತ್ತಿ, ಹಲ್ಲು ಕಚ್ಚಿ,
ಹನಿ ಬಿಟ್ಟು
ಹನಿ.

ಎಷ್ಟು ದಿನದಿಂದ?
‘ಚೌತಿಯಿಂದ’ ಅಂದ, ಮುಖ ತಿರುಗಿಸದೆ.
ಯಾಕೆ ಹೇಳಲಿಲ್ಲ?
‘ಅದಕ್ಕಾದರೆ ಟವೆಲು ಹಾಸಿದ್ದೀರಿ.
ನಾನು ಮಣ್ಣಿಗೆ ಹೊಯ್ಯುವವ.
ಯಾರು ಕೆರೆದು ನೋಡಬೇಕು?’

ಜಿಲ್ಲಾಸ್ಪತ್ರೆಯ ಎಕ್ಸ್‌ರೇ ಹಾಳೆಯಲ್ಲಿ
ಅವನ ಕತ್ತಲೊಳಗೆ ಕಡಲೆಕಾಳಿನಷ್ಟು ಬಿಳಿ.
ಮುತ್ತು, ಅಂದಳು ಋತುಜಾ.
ಅವನು ನಕ್ಕ, ನಕ್ಕದ್ದಕ್ಕೆ ನೋವಾಗಿ ನಿಲ್ಲಿಸಿದ.

ಈಗ ಮನೆಯಲ್ಲಿ ಅವಳದೇ ಕಾನೂನು.
ಖುಬೋನ ಬಾಟಲಿ ಒಂದು ಗೆರೆ ಇಳಿದರೆ
ಅಜ್ಜ ಒಂದು ಚೊಂಬು ಕುಡಿಯಬೇಕು.
ಇಳಿಯದಿದ್ದರೆ ಎರಡು.
ಅಪ್ಪ ಬೆಳಿಗ್ಗೆ ಸದಾಶಿವಗಡದ ಇಳಿಜಾರಿಂದ
ಗರಿಕೆ ಕೊಯ್ದು ತಂದು, ಕಡಲಗಾಳಿಯ ಉಪ್ಪು ಹೋಗಲೆಂದು
ಮೂರು ಸಲ ತೊಳೆಯುತ್ತಾನೆ.
ಖುಬೋ ಅವನ ಚೀಲದ ಸದ್ದಿಗೇ ಸೀಟಿ ಹೊಡೆಯುತ್ತದೆ.

ನಿನ್ನೆ ಟವೆಲಿನಿಂದ ಚಿಟಿಕೆ ಕೆರೆದು
ನನ್ನ ಕೈ ಹಿಡಿದು, ಬೆರಳಿಗೆ ಹಚ್ಚಿದ.
ನೋಡು.
ತಿಕ್ಕಿದೆ. ಜಾರಿತೋ ಕಚ್ಚಿತೋ
ತಿಳಿಯಲಿಲ್ಲ, ನನ್ನದು ಗೂಡಿನ ಮುಂದೆ
ನಿಂತ ಬೆರಳಲ್ಲ.

ಕಣ್ಣು ತೆರೆದುಕೊಂಡರೆ ಹೇಗೆ ತಿಳಿಯುತ್ತದೆ, ಅಂದ.
ಮುಚ್ಚು. ಇನ್ನೊಮ್ಮೆ ತಿಕ್ಕು.